ಕರೆಯದೇ ಬಂದ ಮರ್ಯಾದೆ

ದಡ್ಡಿ,
೧೮ ನವೆಂಬರ್ ೨೦೨೪

ವಿದ್ಯಾ,

ನೀನು ಆರಾಮ ಇದ್ದೀ ಎಂದು ನಿನ್ನ ಅವ್ವ ನಾಗರತ್ನಾ ಹೇಳಿದಳು. ಅವಳು ಫೋನಿನಲ್ಲಿ ಹತ್ತು ಮಾತು ಕೇಳಿ ನನಗೆ ಒಂದು ಮಾತು ದಾಟಿಸುತ್ತಾಳೆ, ಉಳಿದ ಒಂಬತ್ತನ್ನು ಎಲ್ಲಿ ಬಚ್ಚಿಡುತ್ತಾಳೋ. ನನ್ನ ಕಿವಿಗೆ ಫೋನು ಹಿಡಿದರೆ ಗಿರಣಿಯ ಸಪ್ಪಳ ಬಿಟ್ಟು ಬೇರೆ ಏನೂ ಕೇಳುವುದಿಲ್ಲ. ಅದಕ್ಕೆ ಈ ಪತ್ರ. ನಾಲ್ಕನೇ ಇಯತ್ತೆ ತನಕ ಕಲಿತದ್ದು ಇಷ್ಟಕ್ಕಾದರೂ ಬರಲಿ. ನನ್ನ ಅಕ್ಷರ ಕುರಿಯ ಹಿಂಡಿದ್ದ ಹಾಗೆ, ಒಂದು ಈ ಕಡೆ, ಒಂದು ಆ ಕಡೆ. ನೀನು ಕುರುಬರ ಮಗಳು, ಕೂಡಿಸಿಕೊಂಡು ಓದು.

ಮುಖ್ಯ ಸುದ್ದಿ ಎಂದರೆ ಮೂಡಲಗಿಯ ನನ್ನ ತಂಗಿ ಕೆಂಚವ್ವನ ಮೊಮ್ಮಗಳು ದೀಪಾಳ ಲಗ್ನ ಗಟ್ಟಿಯಾಯಿತು. ಫೆಬ್ರುವರಿಯಲ್ಲಿ. ಕೆಂಚವ್ವನ ಗಂಡ ಮುತ್ತಪ್ಪನ ಎದೆ ಕೊಯ್ದು ಹೊಲಿದು ಬೆಳಗಾವಿಯಿಂದ ಮನೆಗೆ ಕಳಿಸಿದ್ದಾರಲ್ಲ, ಅವನದು ಒಂದೇ ಹಟ. "ಮೊಮ್ಮಗಳ ಮ್ಯಾಲ ಅಕ್ಕಿಕಾಳ ಹಾಕೇ ಹೋಗಾಂವ ನಾ" ಅಂದನಂತೆ. "ಅಕ್ಕಿಕಾಳ ಹಾಕ್ರಿ, ಹೋಗೂ ಮಾತ್ ಯಾಕ ಬೇಕ ನಿಮಗ?" ಎಂದು ಕೆಂಚವ್ವ ಬೈದಳಂತೆ. ಬೈಯುತ್ತಲೇ ಅವನ ಶಾಲನ್ನು ಎರಡೆರಡು ಸಲ ಹೊದಿಸಿದಳು ಎಂದು ನೋಡಿ ಬಂದವರು ಹೇಳಿದರು.

ಕಾರ್ಡು ಎಲ್ಲಿ ಹಾಕಿಸಲಿ ಎಂದು ಅವಳು ನನಗೆ ಕೇಳಿ ಕಳಿಸಿದ್ದಳು. ನಾನು ದೊಡ್ಡ ದಿಮಾಕಿನಿಂದ ಹೇಳಿ ಕಳಿಸಿದೆ: ನಿಮ್ಮೂರಿನ ಕಾಶಿನಾಥನ ಪ್ರೆಸ್ಸಿನಲ್ಲೇ ಹಾಕಿಸು, ಅವನ ಕಂಪ್ಯೂಟರಿನಲ್ಲಿ ಕಾರ್ಡು ಜೋಡಿಸುವ ಸಾಮಾನು ನನ್ನ ಮೊಮ್ಮಗಳು ಮಾಡಿದ್ದು! ಖರೆ ಹೇಳುತ್ತೇನೆ, ಆ ಸಾಮಾನು ಏನೆಂದು ನನಗೆ ಗೊತ್ತಿಲ್ಲ. ನಿನ್ನ ಅಪ್ಪನನ್ನು ಕೇಳಿದರೆ "ಆಕಿ ಗೋಕಾಕದಾಗ ಕುಂತು ಕಾರ್ಡಿನ ನಮೂನಿ ಮಾಡ್ತಾಳಬೇ" ಎಂದು ಹೇಳಿ ಕಂಬಳಿ ಎಳೆದುಕೊಂಡ.

ಆ ನಿನ್ನ ಆಫೀಸಿನ ಅಭಿಷೇಕನ ಕೂಡ ಜಗಳವಂತೆ? ಕೆಲಸದ ಜಗಳವಾದರೆ ಬರೆ. ಬೇರೆಯದಾದರೆ ಬಂದು ಹೇಳು.

ನಿನ್ನ ಆಯಿ,
ದುಂಡವ್ವ


ಗೋಕಾಕ,
೨೫ ನವೆಂಬರ್ ೨೦೨೪

ಪ್ರೀತಿಯ ಆಯಿ,

ಹಿಂಡನ್ನು ಕೂಡಿಸಿಕೊಂಡು ಓದಿದೆ. ಎರಡು ಕುರಿ ಮಾತ್ರ ಸಿಗಲಿಲ್ಲ.

ಜಗಳ ಕೆಲಸದ್ದೇ. ಹೇಳುತ್ತೇನೆ, ಕೇಳು. ಕಾರ್ಡಿನ ನಮೂನೆ ಎಂದರೆ ಖಾಲಿ ಕಾರ್ಡು. ಕಾಶಿನಾಥ ಕಾಕಾ ಅದರಲ್ಲಿ ಹೆಸರು, ತಾರೀಖು, ಊರು ತುಂಬಿದರೆ ಸಾಕು, ಕಾರ್ಡು ತಾನೇ ಚೆಂದಾಗಿ ಜೋಡಣೆಯಾಗುತ್ತದೆ. ಹಾಗೆ ಆಗಬೇಕಾದರೆ ಒಳಗೆ ಸಣ್ಣ ಸಣ್ಣ ಆಳುಗಳು ದುಡಿಯಬೇಕು. ಒಂದು ಆಳು ತಾರೀಖನ್ನು ಕನ್ನಡ ಅಂಕಿಯಲ್ಲಿ ಬರೆಯುತ್ತದೆ. ಇನ್ನೊಂದು ಉದ್ದ ಹೆಸರನ್ನು ಅರ್ಧಕ್ಕೆ ಕತ್ತರಿಸದೆ ಮುಂದಿನ ಸಾಲಿಗೆ ಒಯ್ಯುತ್ತದೆ. ಮತ್ತೊಂದು ಹೆಸರಿನ ಮೊದಲಿಗೆ ಶ್ರೀ, ಸೌ., ಚಿ. ಎಂದು ಮರ್ಯಾದೆ ಹಚ್ಚುತ್ತದೆ. ಇವಕ್ಕೆ ನಾವು ಹೆಲ್ಪರ್ ಅನ್ನುತ್ತೇವೆ.

ಈಗ ಈ ಹೆಲ್ಪರ್‌ಗಳು ಎಲ್ಲ ನಮೂನೆಗಳಲ್ಲೂ ಕರೆಯದೆಯೇ ಹಾಜರಿರಬೇಕೋ, ಇಲ್ಲ ಪ್ರತಿ ನಮೂನೆಯ ತಲೆಯ ಮೇಲೆ "ನನಗೆ ಇಂಥಿಂಥವು ಬೇಕು" ಎಂದು ಹೆಸರು ಬರೆದು ಕರೆಸಿಕೊಳ್ಳಬೇಕೋ? ಹಾಜರೇ ಇರಲಿ ಎನ್ನುವವಳು ನಾನು. ಪ್ರೆಸ್ಸಿನವರಿಗೆ ಲಗ್ನದ ಸುಗ್ಗಿಯಲ್ಲಿ ಉಸಿರಾಡಲಿಕ್ಕೆ ಹೊತ್ತಿರುವುದಿಲ್ಲ, ಅವರು ಪ್ರತಿ ಸಲ ಕರೆಯುತ್ತ ಕೂಡಬೇಕೇ? ಅಭಿಷೇಕ ಒಪ್ಪುವುದಿಲ್ಲ. "ಕರೀದೇ ಬಂದಿದ್ದು ಯಾವಾಗ ಬಂತು, ಎಲ್ಲಿಂದ ಬಂತು ಯಾರಿಗೂ ತಿಳಿಯಂಗಿಲ್ಲ" ಅನ್ನುತ್ತಾನೆ. ಇವತ್ತು ಇದೇ ಮಾತಿಗೆ ಇಬ್ಬರ ಚಹಾ ಆರಿಹೋಯಿತು.

ನೀನೇ ತೀರ್ಪು ಕೊಡು. ಆದರೆ ನನ್ನ ಕಡೆಗೇ ಕೊಡು.

ನಿನ್ನ
ವಿದ್ಯಾ


ದಡ್ಡಿ,
೨ ಡಿಸೆಂಬರ್ ೨೦೨೪

ವಿದ್ಯಾ,

ಇದಕ್ಕೂ ತೀರ್ಪು ಬೇಕೇ? ಆ ಹುಡುಗ ಒಲೆಯ ಮುಂದೆ ಕೂತವನಲ್ಲ, ಗೊತ್ತಾಗುತ್ತದೆ. "ಉಪ್ಪೇ ಬಾ, ಎಣ್ಣೆಯೇ ಬಾ" ಎಂದು ಹೆಸರು ಹಿಡಿದು ಕರೆದು ಅಡಿಗೆ ಮಾಡುವವಳನ್ನು ನಾನು ನೋಡಿಲ್ಲ. ನೋಡಿದರೆ ಅವಳ ಕೈಯ ಊಟ ಉಣ್ಣುವುದಿಲ್ಲ. ಮನೆಯಲ್ಲಿ ಇರಬೇಕಾದದ್ದು ಮನೆಯಲ್ಲಿ ಇರಬೇಕು, ಕೈ ಚಾಚಿದರೆ ಸಿಗಬೇಕು.

ಮನೆಯ ಮಂದಿಯೂ ಹಾಗೆಯೇ. ದೀಪಾಳ ಲಗ್ನಕ್ಕೆ ಕೆಂಚವ್ವ ನನ್ನನ್ನು ಕರೆಯುತ್ತಾಳೆಯೇ? ಕಾರ್ಡು ಹೊರಗಿನವರಿಗೆ. ಒಡಹುಟ್ಟಿದವಳ ಕೈಗೆ ಕಾರ್ಡು ಕೊಟ್ಟರೆ "ನೀನು ಹೊರಗಿನವಳು" ಎಂದು ಹೇಳಿದ ಹಾಗೆ. ನಾನಾಗಿಯೇ ಹದಿನೈದು ದಿವಸ ಮೊದಲು ಗಂಟು ಕಟ್ಟಿಕೊಂಡು ಹೋಗುತ್ತೇನೆ, ಶಾವಿಗೆ ಹೊಸೆಯುತ್ತೇನೆ, ಅವಳ ಸೊಸೆ ಸುಜಾತಾಳ ಮೇಲೆ ಒದರುತ್ತೇನೆ. ಯಾರು ಕರೆದರು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿದೆ?

ಅಭಿಷೇಕನಿಗೆ ಹೇಳು, ಸೋತೆ ಎಂದು. ಹುಡುಗ ಒಳ್ಳೆಯವನಿದ್ದರೆ ಆರಿದ ಚಹಾ ಕಾಸಿ ಕೊಡಲಿ.

ನಿನ್ನ ಆಯಿ


ದಡ್ಡಿ,
೯ ಜನವರಿ ೨೦೨೫

ವಿದ್ಯಾ,

ಆ ಕಾಶಿನಾಥನ ಕೈಗೆ ಕೀವು ತುಂಬಲಿ.

ಇವತ್ತು ಬಾಜೂ ಮನೆಯ ರಾಜೇಶ್ವರಿ ಒಂದು ಕಾರ್ಡು ತಂದು ತೋರಿಸಿದಳು. ಮೂಡಲಗಿಯಲ್ಲಿ ಅವಳ ಬೀಗರಿದ್ದಾರೆ, ಅವರ ಕೈಯಿಂದ ಬಂದದ್ದು. ದೀಪಾಳ ಲಗ್ನದ ಕಾರ್ಡು. ಹಳದಿ ಬಣ್ಣ, ಬಂಗಾರದ ಅಂಚು, ಎಲ್ಲ ಚೆಂದ. ಕೆಳಗೆ ಹಿರಿಯರ ಹೆಸರು ಓದುತ್ತ ಬೆರಳು ಸರಿಸಿದೆ. "ಶ್ರೀಮತಿ ಕೆಂಚವ್ವ ಮುತ್ತಪ್ಪ" ಎಂದು ಹಾಕಿದ್ದಾನೆ!

ನೀನು ಓದಿದವಳು, ಶ್ರೀಮತಿ ಎಂದರೆ ಏನಾಯಿತು ಎನ್ನಬಹುದು. ದಕ್ಷಿಣದ ಕಡೆ ಗಂಡ ಇದ್ದವರಿಗೂ ಅದನ್ನೇ ಹಾಕುತ್ತಾರೆಂದು ಕೇಳಿದ್ದೇನೆ. ನಮ್ಮ ಕಡೆ ಹಾಗಲ್ಲ. ನಮ್ಮ ಕಡೆ ಗಂಡ ಇದ್ದವಳು ಸೌ., ಗಂಡ ಸತ್ತವಳು ಶ್ರೀಮತಿ. ರೇಷನ್ ಅಂಗಡಿಯಿಂದ ಹಿಡಿದು ಗುಡಿಯ ದೇಣಿಗೆ ಕಲ್ಲಿನ ತನಕ ಹಾಗೆಯೇ. ಎದೆ ಹೊಲಿಸಿಕೊಂಡು ಈಗಷ್ಟೇ ನಾಲ್ಕು ಹೆಜ್ಜೆ ನಡೆಯುತ್ತಿರುವ ಗಂಡನನ್ನು ಮನೆಯಲ್ಲಿ ಇಟ್ಟುಕೊಂಡವಳಿಗೆ ಇದನ್ನು ಅಚ್ಚು ಹಾಕಿ ಊರಿಗೆಲ್ಲ ಹಂಚಿದರೆ? ಕಾರ್ಡು ಬಿಚ್ಚಿದವರೆಲ್ಲ ಮೊದಲು "ಮುತ್ತಪ್ಪ ಯಾವಾಗ ಹ್ವಾದ?" ಎಂದು ಕೇಳುತ್ತಾರೆ. ರಾಜೇಶ್ವರಿಯೂ ಅದನ್ನೇ ಕೇಳಲು ಬಂದಿದ್ದಳು.

ಕಾಶಿನಾಥನಿಗೆ ನಿನ್ನ ಸಾಮಾನು ಕೊಡುವುದನ್ನು ನಿಲ್ಲಿಸಿಬಿಡು. ಅಂಥವನಿಗೆ ಕಲ್ಲಚ್ಚೇ ಸಾಕು.

ನಮ್ಮ ಮನೆಗೆ ಕಾರ್ಡು ಬಂದಿಲ್ಲ. ಬರುವುದೂ ಇಲ್ಲ, ನಾವು ಮನೆಯವರು.

ಆಯಿ


ಗೋಕಾಕ,
೧೫ ಜನವರಿ ೨೦೨೫

ಆಯಿ,

ಕಾಶಿನಾಥ ಕಾಕಾನನ್ನು ಬೈಯಬೇಡ. ಅವರು ಸೌ. ಎಂದೇ ಬರೆದಿದ್ದರು. ಅದನ್ನು ತೆಗೆದು ಶ್ರೀಮತಿ ಹಾಕಿದ್ದು ನನ್ನ ಹೆಲ್ಪರ್.

ಡಿಸೆಂಬರ್‌ನಲ್ಲಿ ದಾವಣಗೆರೆ ಕಡೆಯ ಪ್ರೆಸ್ಸುಗಳು ನಮ್ಮ ಸಾಮಾನು ತೆಗೆದುಕೊಂಡವು. ಅವರಿಗೆ ಸೌ. ಬೇಡ, ಶ್ರೀಮತಿ ಬೇಕು. ನಾನು ಮರ್ಯಾದೆಯ ಹೆಲ್ಪರ್ ಬಿಚ್ಚಿ, ಮದುವೆಯಾದ ಹೆಂಗಸರಿಗೆಲ್ಲ ಶ್ರೀಮತಿ ಎಂದು ತಿದ್ದಿದೆ. ನನ್ನ ಹಟದಿಂದ ಅದು ಎಲ್ಲ ನಮೂನೆಯಲ್ಲೂ ಕರೆಯದೇ ಹಾಜರಿರುವ ಆಳಲ್ಲವೇ? ಮೂಡಲಗಿಯ ಹಳೆಯ ನಮೂನೆಯನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದರೊಳಗೂ ಹೋಗಿ ಕೂತಿತು. ಕಾಕಾ ಹೆಸರು, ತಾರೀಖು ತಾಳೆ ನೋಡಿದ್ದಾರೆ. ಇಷ್ಟು ವರ್ಷ ಸರಿಯಾಗಿ ಬರುತ್ತಿದ್ದ ಸೌ. ಇವತ್ತು ಬದಲಾಗಿದೆಯೋ ಎಂದು ಯಾರು ನೋಡುತ್ತಾರೆ? ಹುಕ್ಕೇರಿಯಲ್ಲೂ ಎರಡು ಕಾರ್ಡು ಹೀಗೇ ಹೋಗಿವೆ. ಅಭಿಷೇಕ "ನಾ ಹೇಳಿದ್ನಿ" ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಗುತ್ತಿತ್ತು.

ನಿನ್ನೆ ಮೂಡಲಗಿಗೆ ಹೋಗಿದ್ದೆ. ಕೆಂಚವ್ವ ಸಣ್ಣ ಆಯಿಯ ಕಾಲು ಮುಟ್ಟಿ ತಪ್ಪು ನನ್ನದು ಎಂದೆ. ಅವಳು ನೀರಿನ ತಂಬಿಗೆ ಮುಂದಿಟ್ಟು ಒಳಗೆ ಹೋದಳು. ಮುತ್ತಪ್ಪ ಅಜ್ಜ ಮಾತ್ರ ಕಾರ್ಡಿನ ಗಂಟು ಮುಂದೆ ಇಟ್ಟುಕೊಂಡು ಒಂದೊಂದರಲ್ಲೂ ಪೆನ್ನಿನಿಂದ ಶ್ರೀಮತಿ ಹೊಡೆದು ಸೌ. ಎಂದು ತಿದ್ದುತ್ತಿದ್ದ. "ನಾ ಜೀವಂತ ಅದೇನಿ ಅಂತ ನಾನ ಸಹಿ ಹಾಕಬೇಕಾತು ನೋಡ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಹೊರಡುವಾಗ ಸುಜಾತಾ ಅತ್ತೆ ಬಾಗಿಲ ತನಕ ಬಂದು ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು. ಪ್ರೆಸ್ಸು ತೋರಿಸಿದವಳು ನೀನು, ಸಾಮಾನು ಮಾಡಿದವಳು ನಾನು ಎಂದು ಸಣ್ಣ ಆಯಿಗೆ ನಿನ್ನ ಮೇಲೆ ಸಿಟ್ಟಂತೆ. "ಗಂಡ ಇಲ್ಲದಾಕಿ, ನನಗೂ ಇರಬಾರದಂತ ಬಯಸ್ಯಾಳ" ಎಂದು ಸಣ್ಣ ಆಯಿ ಅಂದಳಂತೆ. ಆ ಮಾತು ನಿನಗೂ ಮುಟ್ಟಿದೆಯಂತೆ, ರಾಜೇಶ್ವರಿ ತಂದ ಕಾರ್ಡಿನ ಕೂಡವೇ.

ಹಾಗಾದರೆ ನನಗೆ ಪತ್ರ ಬರೆಯುವಾಗ ಅದು ನಿನಗೆ ಗೊತ್ತಿತ್ತು. ಕಾಶಿನಾಥ ಕಾಕಾನನ್ನು ಬೈದು ಪುಟ ತುಂಬಿಸಿದೆ, ಇದೊಂದು ಮಾತನ್ನು ಬಿಟ್ಟೆ. ಯಾಕೆ ಆಯಿ?

ವಿದ್ಯಾ


ದಡ್ಡಿ,
೨೦ ಜನವರಿ ೨೦೨೫

ವಿದ್ಯಾ,

ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿದೆ. ಹಕ್ಕಿ ಕಾಯಲು ನಿನ್ನ ಅಪ್ಪ ಹೊಲದಲ್ಲೇ ಇದ್ದಾನೆ. ಕಂದು ಆಡು ಈದಿತು, ಎರಡು ಮರಿ. ಒಂದಕ್ಕೆ ಕಿವಿ ದೊಡ್ಡವು, ನಾಗರತ್ನಾ ಅದಕ್ಕೆ ನನ್ನ ಹೆಸರು ಇಟ್ಟಿದ್ದಾಳೆ.

ಅಷ್ಟೇ ಸುದ್ದಿ ಎಂದು ಇಲ್ಲಿಗೇ ಮುಗಿಸಿದ್ದೆ. ನಿನ್ನೆ ಮಡಚಿ ಇಟ್ಟದ್ದನ್ನು ಇವತ್ತು ಮತ್ತೆ ಬಿಚ್ಚಿದೆ.

ಹೌದು, ಮುಟ್ಟಿತ್ತು. ನಿನಗೆ ಬರೆದರೆ ನೀನು ಅವಳ ಮನೆಗೆ ಓಡುತ್ತೀ ಎಂದು ಬರೆಯಲಿಲ್ಲ. ಬರೆಯದಿದ್ದರೂ ಓಡಿದೆ, ನಮ್ಮ ರಕ್ತವೇ ಅಷ್ಟು. ಕೆಂಚವ್ವನನ್ನು ಬಗಲಲ್ಲಿ ಎತ್ತಿಕೊಂಡು ಕುರಿ ಹಿಂದೆ ಅಲೆದವಳು ನಾನು. ನಮ್ಮವ್ವನಿಗಿಂತ ನನ್ನ ಬಗಲಲ್ಲೇ ಹೆಚ್ಚು ಬೆಳೆದಳು. ನಿಮ್ಮ ಅಜ್ಜ ಹೋದಾಗ ನನ್ನ ಬಳೆ ಒಡೆಯುವವರನ್ನು ದೂಡಿ, ತಾನೇ ಒಂದೊಂದಾಗಿ ಕೈಯಿಂದ ಜಾರಿಸಿ ತೆಗೆದವಳು ಅವಳು. ಅಂಥವಳ ಬಾಯಿಂದ ಆ ಮಾತು ಬಂತು. ಹೆದರಿಕೆಯ ಬಾಯಿ ಅದು, ನನಗೆ ತಿಳಿಯುತ್ತದೆ. ತಿಳಿದರೂ ನೋಯುವುದು ನೋಯುತ್ತದೆ.

ಈಗ ಲಗ್ನ ಹತ್ತಿರ ಬಂತು. ಶಾವಿಗೆ ಹೊಸೆಯುವ ಹೊತ್ತು. ಅಲ್ಲಿಂದ ಕರೆ ಬಂದಿಲ್ಲ. ಯಾವಾಗ ಬಂದಿತ್ತು? ಎಂದೂ ಬಂದಿಲ್ಲ. ಆದರೆ ಎಂದೂ ಬಾರದ ಕರೆ ಈ ಸಲ ಬಾರದೇ ಇರುವುದು ನಾನು ಮನೆಯವಳು ಎಂದೋ, ನಾನು ಬೇಡಾದವಳು ಎಂದೋ? ಎರಡೂ ಒಂದೇ ಥರ ಕಾಣುತ್ತವೆ. ಗಂಟು ಕಟ್ಟುತ್ತೇನೆ, ಬಿಚ್ಚುತ್ತೇನೆ. ನಿನ್ನ ಅವ್ವ ನೋಡಿ ಬಾಯಿ ಮುಚ್ಚಿಕೊಂಡಿದ್ದಾಳೆ, ಪುಣ್ಯ.

ನಾನು ಹೋಗುವುದಿಲ್ಲ. ನೀನೂ ನಡುವೆ ಬರಬೇಡ.

ಆಯಿ


ಗೋಕಾಕ,
೨೫ ಜನವರಿ ೨೦೨೫

ಪ್ರೀತಿಯ ಆಯಿ,

ನಡುವೆ ಬರುವುದಿಲ್ಲ. ಹೋಗು ಎಂದೂ ಹೇಳುವುದಿಲ್ಲ. ನನ್ನ ಕೆಲಸದ ಸುದ್ದಿ ಮಾತ್ರ ಬರೆಯುತ್ತೇನೆ.

ನಿನ್ನ ಪತ್ರ ಓದಿದ ಮೇಲೆ ಅಭಿಷೇಕನ ಮೇಜಿಗೆ ಹೋಗಿ ಸೋತೆ ಎಂದೆ. ಕರೆಯುವ ಪದ್ಧತಿಯೇ ಇಲ್ಲದಿದ್ದಾಗ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ ಎಂದು ಅವನು ಎಷ್ಟು ಸಲ ಹೇಳಿದ್ದ. ನೀನು ಗಂಟು ಕಟ್ಟಿ ಬಿಚ್ಚುವುದನ್ನು ಓದಿದಾಗ ನನಗೆ ಅರ್ಥವಾಯಿತು. ಆದರೆ ಅವನೂ ಪೂರ್ತಿ ಗೆದ್ದಿಲ್ಲ. ನಿನ್ನ ಉಪ್ಪಿನ ಮಾತು ಹೇಳಿದೆ, ತಲೆ ಕೆರೆದುಕೊಂಡ. ತಾರೀಖಿನ ಹೆಲ್ಪರ್, ಸಾಲು ಮುರಿಯುವ ಹೆಲ್ಪರ್ ಒಳಗೇ ಇರಲಿ, ಅವು ಯಾರ ಮನೆಯ ಸುದ್ದಿಯನ್ನೂ ಹೇಳುವುದಿಲ್ಲ ಎಂದು ಇಬ್ಬರೂ ಒಪ್ಪಿದೆವು. ಮರ್ಯಾದೆಯ ಹೆಲ್ಪರ್ ಮಾತ್ರ ಇನ್ನು ಕರೆದರೆ ಬರುತ್ತದೆ. ಬೆಳಗಾವಿ ಕಡೆಯದು ಬೇಕೋ, ದಾವಣಗೆರೆ ಕಡೆಯದು ಬೇಕೋ ನಮೂನೆಯ ತಲೆಯ ಮೇಲೆ ಬರೆಯಬೇಕು. ಅದಾದ ಮೇಲೂ ಒಂದೊಂದು ಹೆಸರಿಗೆ "ಏನು ಹಾಕಲಿ?" ಎಂದು ಕೇಳುತ್ತದೆ.

ಪ್ರೆಸ್ಸಿನವರು ನಮಗೆ ಹೂವಿನ ಹಾರ ಹಾಕುತ್ತಿಲ್ಲ. ಹುಕ್ಕೇರಿಯವರು ಫೋನು ಮಾಡಿ "ತಂಗಿ, ಕಾರ್ಡ ಹಾಕಾಕತ್ತೀವೋ ಕೋರ್ಟಿನ್ಯಾಗ ಸಾಕ್ಷಿ ಹೇಳಾಕತ್ತೀವೋ?" ಎಂದರು. ಕಾಶಿನಾಥ ಕಾಕಾ ಬೈಯಲಿಲ್ಲ. ದೀಪಾಳ ಕಾರ್ಡು ಹೊಸದಾಗಿ ಹಾಕಿಕೊಡುತ್ತೇವೆ, ಒಂದೊಂದು ಹೆಸರನ್ನೂ ಅವರ ಮನೆಗೇ ಹೋಗಿ ಕೇಳಿ ಬರುತ್ತಾರಂತೆ.

ದೊಡ್ಡ ಕಿವಿಯ ಮರಿಗೆ ನನ್ನ ಮುತ್ತು ಕೊಡು.

ವಿದ್ಯಾ


ದಡ್ಡಿ,
೫ ಫೆಬ್ರುವರಿ ೨೦೨೫

ವಿದ್ಯಾ,

ನಿನ್ನೆ ಹೊಸ್ತಿಲ ಒಳಗೆ ಬಾಗಿಲ ಬಳಿ ಕೂತು ಕಡಲೆ ಹಸನು ಮಾಡುತ್ತಿದ್ದೆ. ಬಸ್ಸು ನಿಲ್ಲುವ ಕಡೆಯಿಂದ ಒಬ್ಬಳು ಹೆಂಗಸು ಶಾಲು ಸುತ್ತಿದ ಮುದುಕನ ರಟ್ಟೆ ಹಿಡಿದು ಬರುತ್ತಿದ್ದಳು. ಯಾರ ಮನೆಯ ಮಂದಿಯೋ ಎಂದು ಮತ್ತೆ ಕಡಲೆ ಕೇರಿದೆ. ನೋಡಿದರೆ ನಮ್ಮ ಹೊಸ್ತಿಲ ಮುಂದೆಯೇ ಬಂದು ನಿಂತರು. ಕೆಂಚವ್ವ, ಮುತ್ತಪ್ಪ.

ಅವಳು ಒಳಗೆ ಬರಲಿಲ್ಲ, ನಾನು ಏಳಲಿಲ್ಲ. ಮುತ್ತಪ್ಪ ಯಾರನ್ನೂ ಕಾಯದೆ ಕಟ್ಟೆಯ ಮೇಲೆ ಕೂತು ನೀರು ಕೇಳಿದ.

ನನ್ನ ಕೂಡ ರಾಜಿ ಮಾಡಲು ಬಂದವರಿಗೆ ಒಂದು ತ್ರಾಸಿದೆ, ಗುಟ್ಟಾಗಿ ಏನೂ ಹೇಳಲಿಕ್ಕಾಗುವುದಿಲ್ಲ. ಓಣಿಗೆಲ್ಲ ಕೇಳುವ ಹಾಗೆ ಒದರಬೇಕು. ಅವಳು ಒದರಿದಳು.

"ಅಕ್ಕಾ, ಒಂದ್ ಮಾತ ಕೇಳಾಕ ಬಂದೇನಿ!"

"ಕೇಳು. ಅನ್ನೂದು ಅಂದಾಗೇತಿ, ಕೇಳೂದಷ್ಟ ಉಳದಿತ್ತು" ಎಂದೆ.

ಅವಳ ಮುಖ ಸಣ್ಣದಾಯಿತು. ಆಡಿದ ಮಾತು ಬಾಯಿಗೆ ಮರಳುವುದಿಲ್ಲ. ಇದು ಅವಳಿಗೂ ಗೊತ್ತು, ಅದಕ್ಕೇ ಬಂದಿದ್ದಾಳೆ.

"ಕಾಶಿನಾಥ ಮನಿಗೆ ಬಂದಿದ್ದಾ" ಎಂದಳು. "ಹೊಸಾ ಕಾರ್ಡ ಹಾಕ್ತೀವಿ, ಮಷಿನ್ನು ಒಂದೊಂದ್ ಹೆಸರಿಗೂ ಕೇಳತೈತಿ, ಹೇಳ್ರಿ ಅಂದ. ಕೆಂಚವ್ವಾರ, ನಿಮಗ ಏನ್ ಹಾಕ್ಲಿ ಅಂದ. ಸೌ. ಹಾಕೋ ಭಾಡ್ಯಾ, ಗಂಡ ನಿನ್ನ ಎದುರಿಗೇ ಚಾ ಕುಡ್ಯಾಕತ್ತಾನ, ಕಾಣವಲ್ದೇನು ಅಂದೆ."

"ಆಮ್ಯಾಲ?"

"ಆಮ್ಯಾಲ ಹಿರೇರ ಸಾಲಿನ್ಯಾಗ ನಮ್ಮ ಅಕ್ಕನ ಹೆಸರೂ ಹಾಕು ಅಂದೆ."

ನನ್ನ ಕೈಯ ಮೊರ ನಿಂತಿತು. ನಮ್ಮ ಮನೆತನದ ಕಾರ್ಡಿನಲ್ಲಿ ಗಂಡ ಸತ್ತ ಹೆಂಗಸಿನ ಹೆಸರು ಬಂದದ್ದನ್ನು ನಾನು ನೋಡಿಲ್ಲ. ಹಾಕಬಾರದು ಎಂದು ಯಾರೂ ಹೇಳುವುದಿಲ್ಲ, ತಾನಾಗಿಯೇ ಬಿಟ್ಟುಹೋಗುತ್ತದೆ.

"ದುಂಡವ್ವಾರಿಗೆ ಶ್ರೀಮತಿ ಅಂತ ಹಾಕ್ಲೇನ್ರಿ ಅಂತ ಕೇಳಿದ. ನನ್ನ ಬಾಯಿಂದ ಹೂಂ ಬರಲಿಲ್ಲ ಅಕ್ಕಾ. ಆ ಅಕ್ಷರ ನನ್ನ ಮ್ಯಾಲ ಬಿದ್ದಾಗ ಊರ ತುಂಬಾ ಒದರಿದೆ, ನಿನಗ ಅನಬಾರದ್ದ ಅಂದೆ. ಅದನ್ನ ನಿನ್ನ ಮ್ಯಾಲ ಹಾಕಂತ ಯಾವ ಬಾಯೀಲೆ ಹೇಳ್ಲಿ? ತಡೀಪಾ, ಆಕಿನ್ನ ಕೇಳಿ ಹೇಳ್ತೇನಿ ಅಂದೆ. ಅದಕ್ಕ ಬಂದೇನಿ." ಇಷ್ಟು ಹೇಳುವಾಗ ದನಿ ಬಿದ್ದುಹೋಯಿತು. ಆಮೇಲೆ ನನ್ನ ಕಿವಿ ನೆನಪಾಗಿ ಮತ್ತೆ ಒದರಿದಳು. "ಏನ್ ಹಾಕಬೇಕ ನೀನ ಹೇಳು!"

ಕಟ್ಟೆಯ ಮೇಲಿಂದ ಮುತ್ತಪ್ಪ ಎಂದ: "ಅಕ್ಕಾರ, ಲಗೂ ಹೇಳ್ರಿ. ನನ್ನ ಹೆಸರಿನ ಮೊದಲಿಗೆ 'ಇನ್ನೂ ಅದಾನ' ಅಂತ ಹಾಕ್ರಿ ಅಂದ್ರ ಇವ್ರು ಯಾರೂ ಕೇಳವಲ್ರು."

ರಾಜೇಶ್ವರಿ ಗೋಡೆಯ ಆಚೆ ನಕ್ಕದ್ದು ನನಗೂ ಕೇಳಿಸಿತು, ಅಂದಮೇಲೆ ಜೋರಾಗಿಯೇ ನಕ್ಕಿರಬೇಕು.

ನನ್ನ ಹೆಸರಿನ ಮೊದಲಿಗೆ ಇದುವರೆಗೆ ಬಂದದ್ದನ್ನೆಲ್ಲ ಒಂದೊಂದಾಗಿ ಎಣಿಸಿದೆ, ವಿದ್ಯಾ. ಸಾಲೆಯಲ್ಲಿ ಮಾಸ್ತರರು ಕುಮಾರಿ ಎಂದು ಬರೆದುಕೊಂಡರು. ಲಗ್ನದ ಕಾರ್ಡಿನಲ್ಲಿ ಚಿ. ಸೌ. ಎಂದು ಹಾಕಿದರು. ಆಮೇಲೆ ಸೌ. ಆದೆ. ನಿಮ್ಮ ಅಜ್ಜ ಹೋದ ಮೇಲೆ ಪಂಚಾಯತಿಯ ಕಾಗದದಲ್ಲಿ ಶ್ರೀಮತಿ ಎಂದು ಬಂತು, ನಾನು ಓದಿಕೊಂಡು ಹೆಬ್ಬೆಟ್ಟು ಒತ್ತುವ ಬದಲು ಸಹಿ ಹಾಕಿದೆ. ಎಲ್ಲ ತಾನೇ ಬಂದು ಕೂತವು, ತಾನೇ ಎದ್ದು ಹೋದವು. ನಿನಗೆ ಏನು ಬೇಕು ಎಂದು ಕೇಳಲು ಯಾರೂ ಎರಡು ಬಸ್ಸು ಬದಲಿಸಿ ಬಂದಿರಲಿಲ್ಲ.

"ಬರೀ ದುಂಡವ್ವ ಅಂತ ಹಾಕು" ಎಂದೆ.

"ಬರೀ ಹೆಸರ? ಮಂದಿ ಏನಂದಾರ?"

"ಮುಂದ ಏನೂ ಬ್ಯಾಡ. ಹಿಂದ 'ಕೆಂಚವ್ವನ ಅಕ್ಕ' ಅಂತ ಹಾಕು. ಅಷ್ಟ ಸಾಕು."

ಅವಳು ಹೊಸ್ತಿಲು ದಾಟಿ ಬಂದು ಕಡಲೆಯ ಮೊರದ ಮೇಲೆಯೇ ಕೂತುಬಿಟ್ಟಳು. ಅತ್ತಳೋ ನಕ್ಕಳೋ, ನನ್ನ ಹೆಗಲು ತೊಯ್ಯಿತು. ಕಡಲೆಯನ್ನು ಇವತ್ತು ಮತ್ತೆ ಹಸನು ಮಾಡಬೇಕಾಯಿತು.

ನಾಡಿದ್ದು ಮೂಡಲಗಿಗೆ ಹೋಗುತ್ತೇನೆ. ಇನ್ನೂ ಒಂದು ಎಳೆ ಶಾವಿಗೆ ಹೊಸೆದಿಲ್ಲವಂತೆ, ಸುಜಾತಾಳಿಗೆ ಬೈಗುಳ ಈಗಲೇ ಕೂಡಿಸಿಟ್ಟಿದ್ದೇನೆ.

ನಿನಗೆ ಒಂದು ಕೆಲಸ. ಹೆಸರಿನ ಹಿಂದೆ "ಕೆಂಚವ್ವನ ಅಕ್ಕ" ಎಂದು ಹಾಕುವ ಆಳು ನಿನ್ನ ಮಷಿನ್ನಿನಲ್ಲಿ ಇಲ್ಲ ಎಂದು ಕಾಶಿನಾಥ ಹೇಳುತ್ತಿದ್ದಾನಂತೆ. ಒಂದನ್ನು ಹುಟ್ಟಿಸು. ಅಭಿಷೇಕನಿಗೂ ಹೇಳು, ಇದನ್ನು ಎಲ್ಲರ ಕಾರ್ಡಿಗೂ ಬಿಡಬೇಡಿ. ನಾನು ಕರೆದರೆ ಮಾತ್ರ ಬರಲಿ.

ನಿನ್ನ ಆಯಿ,
ದುಂಡವ್ವ